ಮಳವಳ್ಳಿ ಮಿಲ್ಲಿನ ನಡುಹಲಗೆ

ಮೊಮ್ಮಗಳು ತಂದು ನನ್ನ ತೊಡೆಯ ಮೇಲಿಟ್ಟ ಕಬ್ಬಿಣ ಇನ್ನೂ ಬೆಚ್ಚಗಿತ್ತು. ಸುಟ್ಟ ಎಣ್ಣೆಯ ವಾಸನೆ, ತೂತುಗಳ ಅಂಚಿನಲ್ಲಿ ಮಿರುಗುವ ಚೂರು. ಸೋಮನಹಳ್ಳಿಯ ಅವಳ ಶೆಡ್ಡಿನಲ್ಲಿ ಕುರ್ಚಿ ಹಾಕಿ ಕೂರಿಸಿದ್ದಳು.

"ಅಜ್ಜಿ, ಇದನ್ನ ನಾನೇ ಡಿಸೈನ್ ಮಾಡಿದ್ದು. ಈ ಹಳೇ ಕಾರಿನ ಎಂಜಿನ್ನಿಗೆ ಬೇರೆ ಗಾಡಿಯ ಗೇರ್‌ಬಾಕ್ಸ್ ಕೂರಿಸೋಕೆ. ಅಡಾಪ್ಟರ್ ಪ್ಲೇಟು ಅಂತಾರೆ. ನಿನಗೆ ಅರ್ಥ ಆಗಲ್ಲ ಬಿಡು, ಸುಮ್ನೆ ಮುಟ್ಟಿ ಆಶೀರ್ವಾದ ಮಾಡು" ಎಂದಳು.

ಅರ್ಥ ಆಗಲ್ಲವಂತೆ! ನಗು ಬಂತು, ನಗುತ್ತಲೇ ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡರೆ ಸೆರಗೆಲ್ಲ ಎಣ್ಣೆ. ಅವಳ ಗಲ್ಲ ಸವರಿ ಲಟಿಕೆ ಮುರಿದೆ. ಮುದುಕಿಗೆ ಏನೋ ಆಯಿತು ಎಂದುಕೊಂಡು ಅವಳ ಜೊತೆಯವರು ನೀರು ತಂದರು. ನಾನು ಕೇಳಿದ್ದು ಇಷ್ಟೇ: "ಯಾವ ತೂತು ಮೊದ್ಲು ಕೊರ್ದೆ ಮಗ?"

ಅವಳು ನನ್ನ ಮುಖವನ್ನೇ ನೋಡಿದಳು. "ನಡುವಿಂದು ಅಜ್ಜಿ. ಮೊದಲು ಅದು. ಮಿಕ್ಕ ಅಳತೆ ಎಲ್ಲಾ ಅದರಿಂದಲೇ."

ಆಗ ನನಗಾದ ಹಿಗ್ಗನ್ನು ಹೇಗೆ ಬರೆಯಲಿ? ಕಾಲೇಜಿನಲ್ಲಿ ಹೇಳಿಕೊಟ್ಟಿರಬಹುದು, ಇರಲಿ. ಆದರೂ ನಮ್ಮ ರಕ್ತ. ಅದೇ ಪಾಠವನ್ನು ನಾನು ಕಲಿತದ್ದು ಮಳವಳ್ಳಿಯ ಒಂದು ಅಕ್ಕಿ ಮಿಲ್ಲಿನ ಅಂಗಳದಲ್ಲಿ, ನನ್ನ ಅಪ್ಪನ ಬಾಯಿಂದ ರಕ್ತ ಸುರಿಯುತ್ತಿದ್ದಾಗ. ಇಷ್ಟು ವರ್ಷ ಯಾರಿಗೂ ಹೇಳದ ಒಂದು ಮಾತೂ ಅದರ ಜೊತೆಗಿದೆ. ಸಂತೋಷ ಹೆಚ್ಚಾದರೆ ಹೊಟ್ಟೆಯಲ್ಲಿ ಏನೂ ನಿಲ್ಲುವುದಿಲ್ಲ, ಎಲ್ಲವನ್ನೂ ಬರೆದುಬಿಡುತ್ತೇನೆ.

ಯುದ್ಧ ನಡೆಯುತ್ತಿದ್ದ ಕಾಲ. ನನಗೆ ಮದುವೆಯಾಗಿ ಎರಡು ವರ್ಷ. ನಾನು ಮದ್ದೂರಿನ ಕಮ್ಮಾರನ ಮಗಳು. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲವಾಗಿ ಮೂರನೇ ಕ್ಲಾಸಿಗೇ ಶಾಲೆ ಬಿಡಿಸಿ ನನ್ನ ಕೈಗೆ ಸಮ್ಮಟಿಗೆ ಕೊಟ್ಟಿದ್ದ. ಕುಲುಮೆಯಲ್ಲಿ ಮಾತು ನಡೆಯುವುದಿಲ್ಲ, ಸದ್ದಿಗೆ ಕೇಳಿಸುವುದಿಲ್ಲ. ಅಪ್ಪನ ಕೈಸುತ್ತಿಗೆ ಕಾದ ಕಬ್ಬಿಣದ ಮೇಲೆ ಎಲ್ಲಿ ಮುಟ್ಟುತ್ತದೋ ಅಲ್ಲಿಗೆ ನನ್ನ ಸಮ್ಮಟಿಗೆ ಬೀಳಬೇಕು. ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿನ ಮೇಲೆ ಎರಡು ಸಲ 'ಟಿಣ್ ಟಿಣ್' ಎಂದರೆ ನಿಲ್ಲಿಸಬೇಕು. ಎತ್ತಿದ ಸಮ್ಮಟಿಗೆಯನ್ನೂ ಹಾಗೇ ಪಕ್ಕಕ್ಕೆ ಇಳಿಸಬೇಕು. ಎಂಟನೇ ವರ್ಷದಿಂದ ಆ ಸದ್ದನ್ನು ನಾನು ಒಂದು ಸಲವೂ ಮೀರಿರಲಿಲ್ಲ.

ನನ್ನ ಗಂಡ ಮಳವಳ್ಳಿಯಲ್ಲಿ ಮಿಲ್ಲಿನ ಸಾಹುಕಾರನ ಕಾರಿಗೆ ಡ್ರೈವರು. ವಿಲಾಯಿತಿಯ ಹಳೇ ಕಾರು, ಮೇಲೆ ಬಟ್ಟೆಯ ಚಾವಣಿ. ಸುತ್ತ ಹತ್ತೂರಿನಲ್ಲಿ ಅಂಥ ಗಾಡಿ ಇನ್ನೊಂದಿರಲಿಲ್ಲ. ಆ ಬೇಸಿಗೆಯಲ್ಲಿ ಒಂದು ದಿನ ಸಾಹುಕಾರ ಕುಡಿದು ತಾನೇ ಓಡಿಸುತ್ತೇನೆಂದು ಹಟ ಹಿಡಿದ. ಕ್ಲಚ್ಚು ತುಳಿಯದೆ ಗೇರಿನ ಕೋಲನ್ನು ಎಮ್ಮೆಯ ಹಗ್ಗ ಎಳೆದಂತೆ ಎಳೆದ. ಒಳಗೆ ಹಲ್ಲುಗಳೆಲ್ಲ ಪುಡಿಯಾದವು. ಯುದ್ಧದಲ್ಲಿ ಬಿಡಿಭಾಗ ಎಲ್ಲಿಂದ ಬರಬೇಕು?

ಮರುದಿನ ಬೆಳಿಗ್ಗೆ ಬಸ್ಸು ನಿಲ್ಲುವ ಜಾಗದಲ್ಲಿ, ಊರೆಲ್ಲ ನೋಡುತ್ತಿರುವಾಗ, ಗಾಡಿ ಮುರಿದವನು ಡ್ರೈವರು ಎಂದು ಸಾಹುಕಾರ ಕೂಗಿದ. ಎಂಜಿನ್ ತಿರುಗಿಸುವ ಕಬ್ಬಿಣದ ಹ್ಯಾಂಡಲ್ಲು ಅವನ ಕೈಯಲ್ಲಿತ್ತು. ಮೊದಲ ಏಟು ಬೆನ್ನಿಗೆ. ಎರಡನೆಯದನ್ನು ತಡೆಯಲು ನಮ್ಮವರು ಎಡಗೈ ಅಡ್ಡ ಹಿಡಿದರು. ಮೊಣಕೈ ಕೆಳಗಿನ ಮೂಳೆ ಮುರಿದದ್ದು ಹೋಟೆಲಿನ ಒಳಗೆ ಕೂತವರಿಗೂ ಕೇಳಿಸಿತಂತೆ. ನಾನು ಓಡಿ ಬರುವ ಹೊತ್ತಿಗೆ ಅವರನ್ನು ಎಳೆದುಕೊಂಡು ಹೋಗಿ ಮಿಲ್ಲಿನ ಹೊಟ್ಟಿನ ಕೋಣೆಗೆ ಹಾಕಿ ಬೀಗ ಜಡಿದಾಗಿತ್ತು.

"ಬುದ್ದೀ, ಕೈ ಮುರ್ದೈತೆ, ಆಸ್ಪತ್ರೆಗೆ ಕಳ್ಸಿ" ಎಂದು ಕಾಲಿಗೆ ಬಿದ್ದೆ.

"ನನ್ ಗಾಡಿ ಯಾವತ್ತು ಆಸ್ಪತ್ರೆಯಿಂದ ಈಚೆಗೆ ಬತ್ತದೋ ಅವತ್ತು ನಿನ್ ಗಂಡ ಓಯ್ತಾನೆ" ಎಂದ. "ಸೋಮವಾರ ದೊಡ್ಡ ಸಾಹೇಬ್ರನ್ನ ಮದ್ದೂರು ಸ್ಟೇಷನ್ನಿಂದ ಕರ್ಕಬರ್ಬೇಕು. ಅಷ್ಟ್ರಲ್ಲಿ ಗಾಡಿ ನಡೀನಿಲ್ಲ ಅಂದ್ರೆ ಪೆಟ್ರೋಲ್ ಕದ್ದ ಅಂತ ಪೊಲೀಸ್ನೋರ್ ಕೈಗೆ ಕೊಡ್ತೀನಿ. ಆ ಕೈಯಿ ಅಲ್ಲೇ ಕೊಳ್ತೋಯ್ತದೆ."

ಮಂಗಳವಾರ ಅದು. ನಾನು ಅಪ್ಪನನ್ನು ಕರೆತಂದೆ.

ಮಿಲ್ಲಿನ ಹಿಂದೆ ಮಿಲಿಟರಿ ಲಾರಿಯ ಒಂದು ಗೇರ್‌ಬಾಕ್ಸು ಬಿದ್ದಿತ್ತು. ಗುಜರಿಯಲ್ಲಿ ಬಂದದ್ದು, ಹಲ್ಲುಗಳೆಲ್ಲ ಗಟ್ಟಿ. ಆದರೆ ಕಾರಿನ ಎಂಜಿನ್ನಿನ ಹಿಂಬದಿಯಲ್ಲಿದ್ದ ನಾಲ್ಕು ಬೋಲ್ಟು ಒಂದು ಅಗಲದಲ್ಲಿ, ಇದರ ಮುಂಬದಿಯ ನಾಲ್ಕು ತೂತು ಇನ್ನೊಂದು ಅಗಲದಲ್ಲಿ. ಅಪ್ಪ ಎರಡನ್ನೂ ಸವರಿ ಸವರಿ ನೋಡಿದ. "ನಡುವ್ಕೆ ಒಂದು ಹಲಗೆ ಕೊಡ್ಬೇಕು ಕಣವ್ವ. ಈಚೆ ಮೊಖ ಎಂಜಿನ್ಗೆ, ಆಚೆ ಮೊಖ ಈ ಡಬ್ಬಕ್ಕೆ" ಎಂದ. ಕಾರಿನ ಬಗ್ಗೆ ಅಪ್ಪನಿಗೆ ಗೊತ್ತಿದ್ದದ್ದು ಅಷ್ಟೇ, ಆದರೆ ಸರಿಯಾಗಿಯೇ ಗೊತ್ತಿತ್ತು.

ಅಪ್ಪ ಅಳತೆ ಯೋಚಿಸುತ್ತಿದ್ದಾಗ ನಾನು ಗೇರ್‌ಬಾಕ್ಸಿನ ಕೋಲನ್ನು ಒಂದೊಂದು ಕಡೆಗೆ ತಳ್ಳಿ ಮುಂದಿನ ದಂಡವನ್ನು ಕೈಯಲ್ಲಿ ತಿರುಗಿಸಿದೆ. ಹಿಂದಿನ ದಂಡ ಒಂದು ಸಲ ನಿಧಾನ ತಿರುಗಿತು, ಒಂದು ಸಲ ಬೇಗ. ಕೋಲನ್ನು ಎಡಕ್ಕೆ ಎಳೆದು ಮುಂದಕ್ಕೆ ತಳ್ಳಿದಾಗ ಮಾತ್ರ ಉಲ್ಟಾ ತಿರುಗಿತು. "ಅಪ್ಪಾ, ಇಲ್ಲಿ ಹಿಂದಕ್ಕೆ ಓಯ್ತದೆ ನೋಡು" ಎಂದೆ. ಅಪ್ಪ ನೋಡಿದ, ತಲೆ ಆಡಿಸಿದ. ನಮ್ಮ ಹಳೇ ಗೇರ್‌ಬಾಕ್ಸಿನಲ್ಲಿ ಅದು ಮುಂದಕ್ಕೆ ಹೋಗುವ ಮೊದಲನೇ ಗೇರಿನ ಜಾಗ. ಅದು ನನಗೆ ಗೊತ್ತಿತ್ತು. ಖಾಲಿ ರಸ್ತೆ ಸಿಕ್ಕಿದಾಗ ನಮ್ಮವರು ಒಂದೆರಡು ಸಲ ನನ್ನ ಕೈಯನ್ನು ಕೋಲಿನ ಮೇಲಿಟ್ಟು ಗೇರು ಹಾಕಿಸಿದ್ದರು. ಹೊಸ ಹೆಂಡತಿ ಎಂಬ ಪ್ರೀತಿ.

ಗೇರ್‌ಬಾಕ್ಸನ್ನು ಮದ್ದೂರಿಗೆ ಒಯ್ಯಲು ಸಾಹುಕಾರ ಬಿಡಲಿಲ್ಲ. ಕುಲುಮೆ ಇದ್ದದ್ದು ಮದ್ದೂರಿನಲ್ಲಿ. ಅಳತೆಯನ್ನಾದರೂ ಒಯ್ಯೋಣವೆಂದು ಮಿಲ್ಲಿನ ಲೆಕ್ಕ ಬರೆಯುವ ರೈಟರ ಹತ್ತಿರ ದೊಡ್ಡ ಕಾಗದ ಕೇಳಿದೆವು. ಅಂದು ಮಿಲ್ಲಿನಲ್ಲಿ ಬಂಡೂರಿನ ಕುರಿ ಕಡಿದಿದ್ದರು. ಸಾಹುಕಾರ ಇನ್ನೂ ಹಬೆಯಾಡುತ್ತಿದ್ದ ಚರ್ಮವನ್ನು ಅಪ್ಪನ ಮುಖಕ್ಕೆ ಎಸೆಯಿಸಿದ. "ಇದ್ರ ಮ್ಯಾಲೆ ಬರ್ಕೊಳ್ಲಾ ಕಮ್ಮಾರ. ಇದು ಆಗ್ದಿದ್ರೆ ನಿನ್ ಅಳೀಮಯ್ಯಂದು ಸುಲಿಸ್ಕೊಡ್ತೀನಿ." ಸುತ್ತಲಿದ್ದವರು ನಕ್ಕರು.

ಅಪ್ಪ ಮುಖ ಒರೆಸಿಕೊಂಡ. ಚರ್ಮವನ್ನು ಎಂಜಿನ್ನಿನ ಮುಖಕ್ಕೆ ಬಿಗಿಯಾಗಿ ಎಳೆದು, ಅಂಚಿನ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ಕುಟ್ಟಿದ. ತೂತಿದ್ದ ಕಡೆಯಲ್ಲೆಲ್ಲ ಚರ್ಮ ದುಂಡಗೆ ಕತ್ತರಿಸಿ ಬಂತು. ಗೇರ್‌ಬಾಕ್ಸಿನ ಮುಖದ್ದೂ ಹಾಗೇ. ಮಿಲ್ಲಿನ ಹಳೇ ಬಾಯ್ಲರಿನಿಂದ ಹೆಬ್ಬೆರಳು ದಪ್ಪದ ಕಬ್ಬಿಣದ ತುಂಡೊಂದನ್ನು ಆರಿಸಿಕೊಂಡು ಎತ್ತಿನ ಗಾಡಿ ಹತ್ತಿದೆವು. ಚರ್ಮ ನಾರಬಾರದೆಂದು ನಾನೇ ಅದನ್ನು ಗಾಡಿಯ ಕಮಾನಿನ ಮೇಲೆ ಹರಡಿದೆ. ದಾರಿಯುದ್ದಕ್ಕೂ ಬೆಂಕಿಯಂಥ ಬಿಸಿಲು.

ಎರಡು ದಿನ ಬಡಿದೆವು. ಚರ್ಮವನ್ನು ಹಲಗೆಯ ಮೇಲಿಟ್ಟು ಗುರುತು ಮಾಡಿ, ಬೈರಿಗೆಯಿಂದ ಕೊರೆದು, ಚಾಣದಿಂದ ಕಡಿದು, ಅರದಿಂದ ಉಜ್ಜಿದೆವು. ನನ್ನ ಅಂಗೈಯ ಬೊಬ್ಬೆ ಒಡೆದು ಸಮ್ಮಟಿಗೆಯ ಹಿಡಿ ಜಾರುತ್ತಿತ್ತು, ಬೂದಿ ಮೆತ್ತಿಕೊಂಡು ಮತ್ತೆ ಎತ್ತುತ್ತಿದ್ದೆ. ಒಂದೊಂದು ಏಟಿಗೂ ಸಾಹುಕಾರನ ತಲೆಯನ್ನೇ ನೆನೆಯುತ್ತಿದ್ದೆ. ಸುಳ್ಳು ಯಾಕೆ ಹೇಳಲಿ?

ಶುಕ್ರವಾರ ಬೆಳಿಗ್ಗೆ ಮಿಲ್ಲಿನಲ್ಲಿ ಹಲಗೆಯನ್ನು ಎಂಜಿನ್ನಿಗೆ ಹಿಡಿದರೆ ಒಂದು ತೂತೂ ಕೂಡಲಿಲ್ಲ. ಎಲ್ಲವೂ ಒಳಕ್ಕೆ ಸರಿದಿದ್ದವು. ಅಪ್ಪ ಚೀಲದಿಂದ ಚರ್ಮ ತೆಗೆದು ಎಂಜಿನ್ನಿಗೆ ಹಿಡಿದ. ಅದೂ ಕೂಡಲಿಲ್ಲ. ಹಸಿ ಚರ್ಮ ಬಿಸಿಲಿಗೆ ಒಣಗಿ ಬೆರಳಗಲ ಕುಗ್ಗಿತ್ತು!

ಜೀವಮಾನವೆಲ್ಲ ಕುಲುಮೆಗೆ ಗಾಳಿ ಊದುವ ತಿದಿಗೆ ಚರ್ಮ ಹೊಲಿದವನು ನನ್ನಪ್ಪ. ಹಸಿ ಚರ್ಮ ಎಳೆದುಕೊಳ್ಳುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದೇ? ಅಳಿಯನ ಚಿಂತೆಯಲ್ಲಿ ಅದನ್ನು ಮರೆತಿದ್ದ. ಬಿಸಿಲಿಗೆ ಹಾಕಿದವಳು ನಾನು. ಅಪ್ಪ ಹಣೆ ಚಚ್ಚಿಕೊಂಡ. "ತೆಪ್ಪಾಯ್ತು ಬುದ್ದಿ, ಇನ್ನೊಂದು..." ಎನ್ನುವಷ್ಟರಲ್ಲಿ ಅದೇ ಹ್ಯಾಂಡಲ್ಲು ಅಪ್ಪನ ಬಾಯಿಗೆ ಬಿತ್ತು. ಅಪ್ಪ ಕುಸಿದು ಕೂತ, ಉಗುಳಿದ. ಹೊಟ್ಟಿನ ಮೇಲೆ ಎರಡು ಹಲ್ಲು ಬಿದ್ದವು.

ಸಾಹುಕಾರ ಮತ್ತೆ ಕೈ ಎತ್ತಿದ.

ನಾನು ಸಮ್ಮಟಿಗೆ ತೆಗೆದುಕೊಂಡು ಕಾರಿನ ಮುಂದಕ್ಕೆ ಹೋದೆ. ಮುಚ್ಚಳ ತೆಗೆದಿದ್ದ ಎಂಜಿನ್ನಿನ ಮೇಲೆ ಅದನ್ನು ತಲೆಯೆತ್ತರಕ್ಕೆ ಎತ್ತಿ ನಿಂತೆ.

"ಇನ್ನೊಂದ್ ಏಟು ಆಕುದ್ರೆ ನಿನ್ ಗಾಡಿ ಎದೆ ಒಡ್ದಾಕ್ತೀನಿ. ಕಮ್ಮಾರನ ಮಗ್ಳು ಕಣಯ್ಯಾ ನಾನು. ಎರಡ್ನೇ ಏಟು ಬ್ಯಾಡ, ಒಂದೇ ಸಾಕು."

"ಇಳ್ಸೇ!" ಎಂದ. ಅವನ ದನಿ ಒಡೆದಿತ್ತು.

"ನನ್ ಗಂಡನ್ನ ಈಚೆಗ್ ಬುಡು. ನನ್ ಕಣ್ಮುಂದೆ ಕೂರ್ಸು. ಕುಲುಮೆ ಇಲ್ಲೇ ಆಕ್ತೀವಿ. ಸೋಮವಾರಕ್ಕೆ ಗಾಡಿ ನಡೀತದೆ. ಇಲ್ಲಾಂದ್ರೆ ಇವತ್ತೇ ಸಾಯ್ತದೆ."

ತನ್ನ ಹೆಂಡತಿ ಮಕ್ಕಳಿಗೆ ಏನಾದರೂ ಆಗಿದ್ದರೂ ಅವನು ಅಷ್ಟು ಬೆವರುತ್ತಿರಲಿಲ್ಲ. ರೈಟರು ಓಡಿ ಬೀಗ ತೆಗೆದರು. ನಮ್ಮವರನ್ನು ಇಬ್ಬರು ಹಿಡಿದು ತಂದು ಬೇವಿನ ಮರದ ಕೆಳಗೆ ಕೂರಿಸಿದರು. ಎಡಗೈ ಊದಿ ಕುಂಬಳಕಾಯಿಯಂತಾಗಿ, ಬೆರಳ ತುದಿ ಕಪ್ಪಾಗಿತ್ತು. ನನ್ನನ್ನು ನೋಡಿ ಒಣಗಿದ ತುಟಿಯಲ್ಲೇ ನಕ್ಕರು.

"ಏನಮ್ಮಿ, ದೇವಿ ಬಂದೋಳಂಗೆ ನಿಂತಿದ್ದೀಯಲ್ಲ, ಇಳ್ಸು. ಕೈ ನೋಯ್ತದೆ."

ಅಯ್ಯೋ, ಆ ಮಾತು ಈಗಲೂ ಕಿವಿಯಲ್ಲಿದೆ.

ಮೂರು ದಿನ ಮಿಲ್ಲಿನ ಅಂಗಳವೇ ಕುಲುಮೆ. ಹೊಸ ತುಂಡು, ಹೊಸ ಹಲಗೆ. ಅಳತೆ ಹಿಡಿಯುವುದು ಹೇಗೆ ಎಂದು ಅಪ್ಪ ತಲೆ ಹಿಡಿದು ಕೂತಿದ್ದ. ಬಾಯಿ ಊದಿ ಅವನಿಗೆ ಮಾತು ಬರುತ್ತಿರಲಿಲ್ಲ. ಮಿಲ್ಲಿನ ಆಳುಗಳ ಮನೆ ಮುಂದೆ ಒಬ್ಬಳು ರಾಗಿ ಬೀಸುತ್ತಿದ್ದಳು. ಕಲ್ಲು ಗರಗರ ತಿರುಗುತ್ತಿತ್ತು. ಅಷ್ಟು ಭಾರದ ಕಲ್ಲು ಅತ್ತಿತ್ತ ಓಲಾಡದೆ ತಿರುಗುವುದು ಒಂದು ಗೂಟದಿಂದ. ಗೂಟ ನಡುವಿನಲ್ಲಿ ಸರಿಯಾಗಿ ಕೂತರೆ ಕಲ್ಲಿನ ಅಂಚು ಹೇಗಿದ್ದರೂ ನಡೆಯುತ್ತದೆ.

"ಅಪ್ಪಾ, ಮೊದ್ಲು ಗೂಟ ಮಡಗಾನ" ಎಂದೆ.

ಅಪ್ಪನ ಕಣ್ಣು ಅರಳಿತು. ಜಾಲಿಯ ಕಟ್ಟಿಗೆಯನ್ನು ಕೆತ್ತಿ, ಎಂಜಿನ್ನಿನ ನಡುಗುಳಿಯಲ್ಲಿ ಬಿಗಿಯಾಗಿ ಕೂರುವ ಗೂಟ ಮಾಡಿದೆವು. ಹಲಗೆಯಲ್ಲಿ ಮೊದಲು ನಡುವಿನ ತೂತನ್ನಷ್ಟೇ ಕೊರೆದು ಅದನ್ನು ಗೂಟಕ್ಕೆ ಏರಿಸಿದೆವು. ಎಂಜಿನ್ನಿನ ಮುಖಕ್ಕೆ ಎಣ್ಣೆ ಮಸಿ ಬಳಿದು ಹಲಗೆಯನ್ನು ಒತ್ತಿದಾಗ ತೂತುಗಳ ಗುರುತು ಕಬ್ಬಿಣದ ಮೇಲೇ ಬಿತ್ತು. ಗೇರ್‌ಬಾಕ್ಸಿಗೂ ಹಾಗೇ. ಚರ್ಮವೂ ಬೇಡ, ಕಾಗದವೂ ಬೇಡ. ಅಪ್ಪ ಕೈಸುತ್ತಿಗೆಯಿಂದ ಮುಟ್ಟಿ ತೋರಿಸುತ್ತಿದ್ದ, ನಾನು ಬಡಿಯುತ್ತಿದ್ದೆ. 'ಟಿಣ್ ಟಿಣ್' ಎಂದರೆ ನಿಲ್ಲಿಸುತ್ತಿದ್ದೆ. ಮರದ ಕೆಳಗೆ ನಮ್ಮವರು ಜ್ವರದಲ್ಲಿ ನರಳುತ್ತಿದ್ದರು. ದಿನಕ್ಕೆರಡು ಸಲ ಸಾಹುಕಾರನನ್ನು ಬೇಡಿದೆ: ಎತ್ತಿನ ಗಾಡಿ ಕಟ್ಟಿಸಿ ಆಸ್ಪತ್ರೆಗೆ ಕಳಿಸಿ, ನಾವಿಬ್ಬರು ಇಲ್ಲೇ ಇರುತ್ತೇವೆ. "ಸೋಮವಾರ" ಎನ್ನುತ್ತಿದ್ದ, ಅಷ್ಟೇ.

ಸೋಮವಾರ ಬೆಳಿಗ್ಗೆ ಎಂಟು ಬೋಲ್ಟೂ ಒಂದೊಂದಾಗಿ ಬೆರಳಲ್ಲೇ ತಿರುಗಿ ಒಳಗಿಳಿದವು. ಬಿಗಿ ಮಾಡಿದೆವು. ಮಿಲ್ಲಿನ ಆಳು ಹ್ಯಾಂಡಲ್ಲು ತಿರುಗಿಸಿದ. ಎಂಜಿನ್ ಹಿಡಿಯಿತು. ಒಳಗೆ ಕರಕರ ಇಲ್ಲ, ನಡುಕ ಇಲ್ಲ. ಅಪ್ಪ ಹಲಗೆಯ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿ ನಿಂತ.

ಅಷ್ಟು ಆದ ಮೇಲಾದರೂ ಬಿಡಬೇಕಿತ್ತು. ಸಾಹುಕಾರ ನಮ್ಮವರನ್ನು ಎಬ್ಬಿಸಿ ಸ್ಟೇರಿಂಗಿನ ಹಿಂದೆ ಕೂರಿಸಿದ. "ಮದ್ದೂರಿಗೋಗಿ ಸಾಹೇಬ್ರನ್ನ ಕರ್ಕಬಂದ್ಬುಟ್ಟು ಆಮ್ಯಾಕೆ ಎಲ್ಲಾರ ಸಾಯಿ."

"ಗೇರ್ ಆಕಕ್ಕೆ ಎಡಗೈ ಇಲ್ಲ ಬುದ್ದಿ."

"ನಿನ್ ಎಂಡ್ರಿಲ್ವೇನ್ಲಾ? ಅವ್ಳು ಆಕ್ತಾಳೆ. ಸಮ್ಮಟಿಗೆ ಎತ್ತೋಳು ಕೋಲು ಎಳೀನಾರ್ಳಾ?" ಎಂದು ಗಹಗಹಿಸಿದ. "ಬರ್ರೋ, ಹೆಂಗ್ಸು ಕಾರ್ ಓಡಿಸ್ತಾಳಂತೆ, ನೋಡ್ಬರ್ರೋ!"

ಆಳುಗಳೆಲ್ಲ ಬದಿಗೆ ಸಾಲಾಗಿ ನಿಂತರು. ಸಾಹುಕಾರ ಮಾತ್ರ ಕಾರಿನ ಹಿಂದಕ್ಕೆ ಹೋದ. ಹಿಂದೆ ಮಿಲ್ಲಿನ ಗೋಡೆ, ಗೋಡೆಗೂ ಗಾಡಿಗೂ ನಡುವೆ ನಾಲ್ಕು ಹೆಜ್ಜೆ. ಅಲ್ಲಿ ನಿಂತು ಹ್ಯಾಂಡಲ್ಲಿನಿಂದ ಕಾರಿನ ಬೆನ್ನಿಗೆ ಬಡಿದು, ಎತ್ತಿಗೆ ಹೇಳಿದಂತೆ "ಹೈ, ನಡಿ!" ಎಂದ. ಎಲ್ಲರೂ ನಕ್ಕರು.

ನಮ್ಮವರು ಕ್ಲಚ್ಚು ತುಳಿದರು. ಮುಖದಲ್ಲಿ ಬೆವರು ಹರಿಯುತ್ತಿತ್ತು. ಹಳೇ ಗೇರ್‌ಬಾಕ್ಸಿನ ಲೆಕ್ಕದಲ್ಲೇ ಹೇಳಿದರು: "ಎಡಕ್ಕೆಳ್ದು ಮುಂದಕ್ ತಳ್ಳಮ್ಮಿ."

ಆಗ ಕೇಳಿಸಿತು. ಅಡಿಗಲ್ಲಿನ ಹತ್ತಿರ ನಿಂತಿದ್ದ ಅಪ್ಪ, ಬಾಯಿ ಬಾರದ ಅಪ್ಪ, ಕೈಸುತ್ತಿಗೆಯಿಂದ ಬಡಿದ. ಟಿಣ್ ಟಿಣ್.

ನಿಲ್ಲಿಸು.

ಎಂಜಿನ್ನಿನ ಸದ್ದಿನಲ್ಲೂ ನನಗೆ ಅದು ಸ್ಪಷ್ಟವಾಗಿ ಕೇಳಿಸಿತು. ನಾನು ಕೋಲನ್ನು ಎಡಕ್ಕೆ ಎಳೆದು ಮುಂದಕ್ಕೆ ತಳ್ಳಿದೆ. ನಮ್ಮವರು ಕ್ಲಚ್ಚು ಬಿಟ್ಟರು. ಗಾಡಿ ಹಿಂದಕ್ಕೆ ಹಾರಿತು.

ಗೋಡೆಗೆ ಬಡಿದ ಸದ್ದು, ಅದರ ಹಿಂದೆಯೇ ಒಂದು ಕೂಗು. ಕೊಂಬು ಮುರಿದ ಹೋರಿಯೂ ಹಾಗೆ ಕೂಗುವುದಿಲ್ಲ. ಮೂರು ಜನ ಗಾಡಿಯನ್ನು ಮುಂದಕ್ಕೆ ತಳ್ಳಿದಾಗ ಸಾಹುಕಾರ ಗೋಡೆಯುದ್ದಕ್ಕೂ ಜಾರಿ ಬಿದ್ದ. ಬಲಗಾಲು ಮೊಣಕಾಲಿನ ಕೆಳಗೆ ಅಡ್ಡಕ್ಕೆ ತಿರುಗಿತ್ತು.

"ಅಯ್ಯಯ್ಯೋ, ಹೆಂಗ್ಸಿಗೆ ಏನ್ ಗೊತ್ತಾಯ್ತದೆ ಅಂತ ಕೋಲ್ ಕೊಟ್ರೋ!" ಎಂದು ರೈಟರು ತಲೆ ತಲೆ ಚಚ್ಚಿಕೊಂಡರು. ಎಲ್ಲರೂ ಅದನ್ನೇ ಹೇಳಿದರು. ಹೆಂಗಸು, ಏನು ಗೊತ್ತು, ಗಂಡ ಹೇಳಿದ ಹಾಗೆ ಮಾಡಿದಳು. ನನ್ನನ್ನು ಬೈಯಲೂ ಯಾರಿಗೂ ತೋಚಲಿಲ್ಲ.

ಅವನನ್ನು ಆಸ್ಪತ್ರೆಗೆ ಒಯ್ಯಬೇಕು. ಊರಿನಲ್ಲಿದ್ದದ್ದು ಅದೊಂದೇ ಕಾರು. ಹಿಂದಿನ ಸೀಟಿನಲ್ಲಿ ಮಲಗಿಸಿ, ಹಿಡಿದುಕೊಳ್ಳಲು ರೈಟರು ಕೂತರು. ಮುಂದೆ ನಾವಿಬ್ಬರು. ನಮ್ಮವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನನ್ನ ಕೈ ಕೋಲನ್ನು ಎಡಕ್ಕೆ ಎಳೆದು ಹಿಂದಕ್ಕೆ ಹಾಕಿಯಾಗಿತ್ತು. ಮೊದಲನೇ ಗೇರು. ಗಾಡಿ ಮುಂದಕ್ಕೆ ಹೊರಟಿತು. ಆಮೇಲೆ ಎರಡನೆಯದು, ಮೂರನೆಯದು, ಅವರು ಹೇಳುವ ಮೊದಲೇ. ಒಂದೂ ತಪ್ಪಲಿಲ್ಲ.

ನಮ್ಮವರು ನನ್ನ ಕೈ ನೋಡಿದರು, ಆಮೇಲೆ ಮುಖ ನೋಡಿದರು, ಮತ್ತೆ ರಸ್ತೆಗೆ ತಿರುಗಿದರು. ಹಿಂದೆ ಕೂಗಾಟ ನಿಂತಿದ್ದರಿಂದ ಕನ್ನಡಿಯಲ್ಲಿ ನೋಡಿದೆ. ಸಾಹುಕಾರ ಕಣ್ಣು ಬಿಟ್ಟುಕೊಂಡು ನನ್ನ ಕೈಯನ್ನೇ ನೋಡುತ್ತಿದ್ದ. ಅವನಿಗೂ ತಿಳಿದಿತ್ತು. ಹೆಂಗಸೊಬ್ಬಳು ಗೊತ್ತಿದ್ದೂ ತನ್ನ ಕಾಲು ಮುರಿದಳೆಂದು ಅವನು ಯಾರ ಮುಂದೆ ಹೇಳಿಯಾನು? ಕಡೆಯತನಕ ಹೇಳಲಿಲ್ಲ.

ಮಳವಳ್ಳಿಯಿಂದ ಮದ್ದೂರು, ಶಿಂಷಾ ಸೇತುವೆ ದಾಟಿ ಮಂಡ್ಯ. ಗುಂಡಿ ಗುಂಡಿಯ ರಸ್ತೆಯಲ್ಲಿ ಅಷ್ಟು ದೂರವೂ ನನ್ನ ಕಾಲಡಿಯಲ್ಲಿ ನಮ್ಮ ಹಲಗೆ ಅಲ್ಲಾಡಲಿಲ್ಲ. ಸೇತುವೆಯ ಮೇಲೆ ನಮ್ಮವರು ಒಂದೇ ಮಾತು ಹೇಳಿದರು: "ನಿಮ್ಮಪ್ಪ ಎಲ್ಡ್ ಸಲ ಬಡ್ದ ಸದ್ದು ನಂಗೂ ಕೇಳಿಸ್ತು ಕಣಮ್ಮಿ." ಮತ್ತೆ ಆ ವಿಷಯ ಎತ್ತಲಿಲ್ಲ. ಮಂಡ್ಯ ಆಸ್ಪತ್ರೆಯಲ್ಲಿ ಒಂದೇ ದಿನ ಒಂದು ಕೈಯನ್ನೂ ಒಂದು ಕಾಲನ್ನೂ ಕಟ್ಟಿದರು. ಇನ್ನೊಂದು ದಿನ ತಡವಾಗಿದ್ದರೆ ಕೈ ತೆಗೆಯಬೇಕಾಗುತ್ತಿತ್ತು ಎಂದರು ಡಾಕ್ಟರು. ಕೈ ಉಳಿಯಿತು, ಸ್ವಲ್ಪ ಸೊಟ್ಟ. ಅದೇ ಕೈಯಲ್ಲಿ ಮುಂದೆ ಎಷ್ಟೋ ವರ್ಷ ಬಸ್ಸು ಓಡಿಸಿದರು, ಮಕ್ಕಳನ್ನು ಎತ್ತಿ ಆಡಿಸಿದರು.

ಅವನು ಆಸ್ಪತ್ರೆಗೆ ಹೋದರೆ ನಾವೂ ಹೋಗಬಹುದು ಎಂದು ಲೆಕ್ಕ ಹಾಕಿ ಮಾಡಿದೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದು ಆಮೇಲೆ ಹೊಂದಿಸಿಕೊಂಡ ಮಾತು. ಕೋಲು ತಳ್ಳಿದಾಗ ನನ್ನೊಳಗೆ ಇದ್ದದ್ದು ಸಿಟ್ಟು ಒಂದೇ. ಅಪ್ಪನ ಜೊತೆ ಆಮೇಲೂ ಎಷ್ಟೋ ದಿನ ಬಡಿದೆ. ನಿಲ್ಲಿಸಬೇಕಾದಾಗ ಅವನು ಮತ್ತೆ ಎರಡು ಸಲ ಬಡಿಯಲಿಲ್ಲ, ಕೈ ಎತ್ತಿ ತೋರಿಸುತ್ತಿದ್ದ.

ಮೊಮ್ಮಗಳ ಪ್ಲೇಟು ಸಂಜೆಯೊಳಗೆ ಕೂತಿತು. ಒಂದು ಬೋಲ್ಟನ್ನು ನನ್ನ ಕೈಯಲ್ಲೇ ತಿರುಗಿಸಿದಳು. ಬೆರಳಲ್ಲೇ ಒಳಗಿಳಿಯಿತು! ನನ್ನ ಮಗು, ನನ್ನ ಬಂಗಾರ. ಶೆಡ್ಡಿನವರೆಲ್ಲ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ, ಎಲ್ಲರಿಗಿಂತ ಜೋರಾಗಿ. ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಅವಳು ಎಂಜಿನ್ ಶುರು ಮಾಡಿದಳು. ಕರಕರ ಇಲ್ಲ, ನಡುಕ ಇಲ್ಲ.

ಗೇರಿನ ಮೇಲೆ ಕೈಯಿಟ್ಟು ಕೇಳಿದಳು: "ಅಜ್ಜಿ, ಹಿಂದೆ ಯಾರೂ ಇಲ್ಲ ತಾನೆ? ಸ್ವಲ್ಪ ನೋಡು."

ನಾನು ತಿರುಗಿ ಚೆನ್ನಾಗಿ ನೋಡಿದೆ. ಗೋಡೆಯ ತನಕ ನೋಡಿದೆ.

"ಯಾರೂ ಇಲ್ಲ ಮಗ. ನಡಿ."